ಹೊಸ್ತಿಲಾಚೆಗೆ ಒಬ್ಬ ಜೊತೆಗಾತಿ

ಪರದೇಶದಲ್ಲಿ ಗಂಡನ ದೌರ್ಜನ್ಯಕ್ಕೆ ಸಿಕ್ಕ ಹೆಣ್ಣಿಗೆ ಕಾನೂನು ಬಾಗಿಲು ತೆರೆಯಬಲ್ಲದು. ಆ ಬಾಗಿಲಿನಿಂದಾಚೆ ಕೈಹಿಡಿದು ನಡೆಸುವವರು ಯಾರು?

‘ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಎಂದು ಹೆದರಿಸಲು ಕೈಯೆತ್ತುವ ಶ್ರಮವೂ ಬೇಕಿಲ್ಲ. ಕೆನಡಾದ ಬ್ರಾಂಪ್ಟನ್ನಿನ ಬೇಸ್‌ಮೆಂಟ್ ಮನೆಯಲ್ಲೋ ಸರ್ರೆಯ ಅಪಾರ್ಟ್‌ಮೆಂಟಿನಲ್ಲೋ ಈ ಮಾತು ಕೇಳಿಸಿಕೊಂಡ ಹೆಂಗಸಿಗೆ ಅದು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಆಕೆಗೆ ಆಗಲೇ ಕಾಯಂ ನಿವಾಸದ ಹಕ್ಕು ಸಿಕ್ಕಿದ್ದರೆ ಅದು ಅಪ್ಪಟ ಸುಳ್ಳು. ಗಂಡನನ್ನು ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ, ಕಿತ್ತುಕೊಳ್ಳುವ ಅಧಿಕಾರ ಗಂಡನಿಗೆ ಇಲ್ಲವೇ ಇಲ್ಲ. ಅರ್ಜಿ ಇನ್ನೂ ಇತ್ಯರ್ಥವಾಗದೆ ಕೂತಿದ್ದರೆ ಬೆದರಿಕೆಯಲ್ಲಿ ಸ್ವಲ್ಪ ಹುರುಳಿದೆ; ಸ್ಪಾನ್ಸರ್ ಮಾಡಿದವನು ಅರ್ಜಿಯಿಂದ ಹಿಂದೆ ಸರಿಯಬಲ್ಲ. ಗಂಡನ ಸ್ಟಡಿ ಪರ್ಮಿಟ್ಟಿಗೋ ವರ್ಕ್ ಪರ್ಮಿಟ್ಟಿಗೋ ಜೋಡಿಸಿಕೊಂಡು ಬಂದವಳಾದರೆ ಉತ್ತರ ಇನ್ನೂ ಗೋಜಲು. ಬೆದರಿಕೆ ಒಂದೇ, ಹೆಂಗಸರು ಮೂವರು, ಉತ್ತರವೂ ಮೂರು ಬಗೆ. ಆ ಉತ್ತರಗಳೆಲ್ಲ ಸರ್ಕಾರದ ಜಾಲತಾಣದಲ್ಲಿ ಇಂಗ್ಲಿಷ್, ಫ್ರೆಂಚುಗಳಲ್ಲಿವೆ. ಬೆದರಿಕೆ ಮಾತ್ರ ಅಡುಗೆಮನೆಯಲ್ಲಿ, ಅವಳದೇ ಮಾತಿನಲ್ಲಿ ಬಂದು ನಿಂತಿರುತ್ತದೆ.

ಕೆನಡಾದ ಸೇವಾ ಸಂಸ್ಥೆಗಳು ಇಂಥವರನ್ನು ‘ನ್ಯೂಕಮರ್’ ಮತ್ತು ‘ರೇಸಿಯಲೈಸ್ಡ್’ ಮಹಿಳೆಯರು ಎಂದು ಕರೆಯುತ್ತವೆ. ಮೊದಲನೆಯ ಪದಕ್ಕೆ ಹೊಸದಾಗಿ ಬಂದು ನೆಲೆಸಿದವರು ಎಂದರ್ಥ. ಎರಡನೆಯದಕ್ಕೆ ಮೈಬಣ್ಣವನ್ನೋ ಮೂಲವನ್ನೋ ನೋಡಿ ಸಮಾಜ ಬೇರೆ ಸಾಲಿನಲ್ಲಿ ನಿಲ್ಲಿಸಿದವರು ಎಂದು. 2016ರಿಂದ 2021ರ ನಡುವೆ ಅಲ್ಲಿಗೆ ವಲಸೆ ಹೋದವರಲ್ಲಿ ಶೇ 18.6ರಷ್ಟು ಮಂದಿ ಭಾರತದಲ್ಲಿ ಹುಟ್ಟಿದವರು. ಬೇರಾವ ದೇಶದಿಂದಲೂ ಇಷ್ಟು ಜನ ಹೋಗಿಲ್ಲ. ಹಾಗಾಗಿ ಇದು ನಮಗೆ ದೂರದ ಸುದ್ದಿಯಲ್ಲ. ಈ ಹೆಣ್ಣುಮಕ್ಕಳಿಗಾಗಿ ಕಾಯ್ದೆಗಳಿವೆ, ಸಹಾಯವಾಣಿಗಳಿವೆ, ಶೆಲ್ಟರ್‌ಗಳಿವೆ. ಆದರೂ ಅವುಗಳಿಗೂ ಅವಳಿಗೂ ನಡುವಿನ ದಾರಿಯಲ್ಲಿ ಜೊತೆಗೊಬ್ಬರು ನಡೆಯದಿದ್ದರೆ ಅವೆಲ್ಲ ಇದ್ದೂ ಇಲ್ಲದಂತೆ. ಆ ದಾರಿಯನ್ನು ತಾನೇ ನಡೆದು ಬಂದ, ತರಬೇತಿ ಪಡೆದ, ದುಡಿಮೆಗೆ ಸಂಬಳ ಪಡೆಯುವ, ಒಂದು ದಿನದ ಸಲಹೆಗೆ ಮುಗಿಸದೆ ತಿಂಗಳುಗಟ್ಟಲೆ ಜೊತೆಗಿರುವ ಹೆಂಗಸು ಬೇಕು. ಇಂಗ್ಲಿಷಿನಲ್ಲಿ ಮೆಂಟರ್ ಎನ್ನುತ್ತಾರೆ, ಇಲ್ಲಿ ಜೊತೆಗಾತಿ ಎನ್ನೋಣ. ಆಕೆಯ ಕೆಲಸವನ್ನು ದಾನಧರ್ಮದ ಬಾಬ್ತಿಗೆ ಬರೆಯದೆ, ಸಾರ್ವಜನಿಕ ಸೇವೆಯೆಂದು ಎಣಿಸಿ ಸರ್ಕಾರವೇ ಹಣ ಕೊಡಬೇಕೆಂಬುದು ಈ ಲೇಖನದ ವಾದ.

ಹೇಳುವ ಬಾಯಿ, ಕೇಳುವ ಭಾಷೆ

ಮೊದಲು ಅಂಕಿಗಳನ್ನು ನೋಡೋಣ. ಸ್ಟಾಟಿಸ್ಟಿಕ್ಸ್ ಕೆನಡಾ 2018ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಎಂದಾದರೂ ಸಂಗಾತಿ ಸಂಬಂಧದಲ್ಲಿದ್ದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ 15ನೇ ವಯಸ್ಸಿನ ನಂತರ ಒಮ್ಮೆಯಾದರೂ ಸಂಗಾತಿಯಿಂದ ಮಾನಸಿಕ, ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದರು. ಲೆಕ್ಕದಲ್ಲಿ 60 ಲಕ್ಷಕ್ಕೂ ಹೆಚ್ಚು ಜನ. ಬಿಳಿಯರಲ್ಲದ ವಲಸಿಗ ಮೂಲದ ಸಮುದಾಯಗಳ ಮಹಿಳೆಯರಲ್ಲಿ ಈ ಪ್ರಮಾಣ ಶೇ 29. ಕಡಿಮೆಯಿದೆಯಲ್ಲ, ಇವರಿಗೇಕೆ ಪ್ರತ್ಯೇಕ ವ್ಯವಸ್ಥೆ ಎಂದು ಯಾರಾದರೂ ಕೇಳಬಹುದು. ಆ ಅಂತರದಲ್ಲಿ ಒಂದಿಷ್ಟು ನಿಜವಾದ ವ್ಯತ್ಯಾಸವೇ ಇದ್ದೀತು. ಆದರೆ ಸಮೀಕ್ಷೆ ನಡೆದದ್ದು ದೇಶದ ಎರಡು ಅಧಿಕೃತ ಭಾಷೆಗಳಲ್ಲಿ, ಉತ್ತರ ಕೊಡಬೇಕಾದದ್ದು ಸರ್ಕಾರಕ್ಕೆ, ಅದೂ ತನ್ನ ವೀಸಾ ಯಾರ ಕೈಯಲ್ಲಿದೆಯೋ ಅದೇ ಸರ್ಕಾರಕ್ಕೆ. ಕೇಳುವ ಬಗೆ ಬದಲಾದರೆ ಅಂಕಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದಲ್ಲೇ ಉದಾಹರಣೆಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಅಂದರೆ 2015–16ರಲ್ಲಿ, ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದ ರಾಜ್ಯದ ವಿವಾಹಿತ ಮಹಿಳೆಯರು ಶೇ 20.6. ಐದನೇ ಸುತ್ತಿನಲ್ಲಿ ಅದು ಶೇ 44.4ಕ್ಕೆ ಏರಿ ದೇಶಕ್ಕೇ ಹೆಚ್ಚಾಯಿತು. ರಾಜ್ಯದಲ್ಲಿ ಆ ಮಾಹಿತಿ ಕಲೆಹಾಕಿದ್ದು 2019ರ ಉತ್ತರಾರ್ಧದಲ್ಲಿ, ಲಾಕ್‌ಡೌನಿಗೂ ಮೊದಲು. ನಾಲ್ಕು ವರ್ಷದಲ್ಲಿ ಮನೆಗಳೊಳಗಿನ ಹೊಡೆತ ಇಮ್ಮಡಿಸಿತು ಎಂದು ನಂಬುವುದು ಕಷ್ಟ. ಯಾರು, ಯಾವ ಮಾತಿನಲ್ಲಿ, ಎಂಥ ಏಕಾಂತದಲ್ಲಿ ಕೇಳುತ್ತಾರೆ ಎಂಬುದರ ಮೇಲೆ ಬಾಯಿ ತೆರೆಯುವವರ ಸಂಖ್ಯೆ ನಿಂತಿದೆ ಎನ್ನುವುದು ಹೆಚ್ಚು ಸಮಂಜಸ. ಭಾಷೆ ಗೊತ್ತಿರುವ ಜೊತೆಗಾತಿ ಮೊದಲು ಬೇಕಾಗುವುದೇ ಇಲ್ಲಿ.

ಪೊಲೀಸರು ಇದ್ದಾರಲ್ಲ ಎಂಬ ಮಾತಿಗೂ ಅಂಕಿಗಳೇ ಉತ್ತರ ಕೊಡುತ್ತವೆ. 2019ರ ಕೆನಡಾ ಸಮೀಕ್ಷೆಯಲ್ಲಿ ದಂಪತಿ ಹಿಂಸೆಯ ಐದು ಪ್ರಕರಣಗಳಲ್ಲಿ ಸುಮಾರು ನಾಲ್ಕು ಪೊಲೀಸರವರೆಗೆ ಹೋಗಿರಲೇ ಇಲ್ಲ. ಇದು ಇಡೀ ದೇಶದ, ಅಲ್ಲೇ ಹುಟ್ಟಿ ಬೆಳೆದವರೂ ಸೇರಿದ ಲೆಕ್ಕ. ಹೊಸದಾಗಿ ಬಂದವಳಿಗೆ ಅಂಜಿಕೆಯ ಕಾರಣಗಳು ಇನ್ನೂ ಹೆಚ್ಚು. 1980ರ ದಶಕದಿಂದ ಕೆನಡಾದ ಪೊಲೀಸರಿಗೆ ಸೂಚನೆಯಿದೆ: ಹಿಂಸೆ ನಡೆದಿದೆ ಎಂದು ನಂಬಲು ಆಧಾರವಿದ್ದರೆ ಹೆಂಡತಿ ಬೇಡವೆಂದರೂ ಗಂಡನ ಮೇಲೆ ಪ್ರಕರಣ ಹಾಕಬೇಕು. ಹೆಣ್ಣಿನ ಹೆಗಲ ಮೇಲಿನ ಭಾರ ಇಳಿಸಲೆಂದೇ ಮಾಡಿದ ಏರ್ಪಾಡು ಅದು. ಆದರೆ ಇಂಗ್ಲಿಷ್ ಬಲ್ಲ ಗಂಡ ತನ್ನ ಕತೆಯನ್ನು ಮೊದಲು ಹೇಳಿ, ತಪ್ಪಿಸಿಕೊಳ್ಳಲು ಅವಳು ಪರಚಿದ ಗಾಯ ತೋರಿಸಿದರೆ, ಪ್ರಕರಣ ಅವಳ ಮೇಲೂ ಬೀಳಬಹುದು. ಅವನಿಗೆ ಶಿಕ್ಷೆಯಾದರೆ ಗಡೀಪಾರಿನ ಭಯ. ಆಮೇಲೆ ಮಕ್ಕಳ ಖರ್ಚು ಯಾರು ನೋಡುತ್ತಾರೆ, ಊರಿನಲ್ಲಿರುವ ಅತ್ತೆ ಮಾವಂದಿರಿಗೆ ಏನು ಹೇಳುವುದು ಎಂಬ ಚಿಂತೆ. ಏಟು ನಿಲ್ಲಬೇಕು ಎಂದು ಬಯಸುವವರೆಲ್ಲ ಗಂಡ ಜೈಲಿಗೆ ಹೋಗಲಿ ಎಂದು ಬಯಸುವುದಿಲ್ಲ. ಈ ವ್ಯತ್ಯಾಸಕ್ಕೆ ಕಿವಿಗೊಡಲು ಪೊಲೀಸ್ ಠಾಣೆಯಲ್ಲಿ ವ್ಯವಧಾನವಿಲ್ಲ.

ಕಾಗದದ ಕೀಲಿಕೈ

ವಲಸೆ ಕಾನೂನೇ ಗಂಡನ ಕೈಗೆ ಕೋಲು ಕೊಟ್ಟ ನಿದರ್ಶನಗಳೂ ಇವೆ. ಅಮೆರಿಕ 1986ರಲ್ಲಿ ನಕಲಿ ಮದುವೆ ತಡೆಯಲೆಂದು, ಹೊಸದಾಗಿ ಮದುವೆಯಾಗಿ ಬಂದವರಿಗೆ ಎರಡು ವರ್ಷ ಷರತ್ತಿನ ನಿವಾಸವನ್ನಷ್ಟೇ ಕೊಡುವ ಕಾಯ್ದೆ ಮಾಡಿತು. ಏಟು ತಿನ್ನುತ್ತಿದ್ದ ಹೆಂಗಸರು ಗಡೀಪಾರಿಗೆ ಹೆದರಿ ಆ ಎರಡು ವರ್ಷ ಹಲ್ಲುಕಚ್ಚಿ ಕೂತರು. 1990ರಲ್ಲಿ ಹಿಂಸೆಗೊಳಗಾದವರಿಗೆ ವಿನಾಯಿತಿ ಬಂತು. ಮರುವರ್ಷವೇ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ತಮ್ಮ ಪ್ರಬಂಧವೊಂದರಲ್ಲಿ ಆ ವಿನಾಯಿತಿಯ ಕೊರತೆಯನ್ನು ಎತ್ತಿ ತೋರಿಸಿದರು: ವೈದ್ಯರು, ಪೊಲೀಸರು, ಮನಃಶಾಸ್ತ್ರಜ್ಞರಿಂದ ದಾಖಲೆ ತನ್ನಿ ಎಂದರೆ, ಮನೆಯಿಂದ ಹೊರಗೇ ಬಿಡದ ಹೆಂಗಸು ತರುವುದೆಲ್ಲಿಂದ? ಇಂಗ್ಲಿಷ್ ಸಾಲದೆಂಬ ಕಾರಣಕ್ಕೆ ಲ್ಯಾಟಿನಾ ತಾಯಿಯೊಬ್ಬಳಿಗೂ ಆಕೆಯ ಮಗನಿಗೂ ಶೆಲ್ಟರೊಂದು ಜಾಗ ನಿರಾಕರಿಸಿದ್ದನ್ನೂ ಅದೇ ಪ್ರಬಂಧದಲ್ಲಿ ಅವರು ದಾಖಲಿಸಿದ್ದಾರೆ. ಇಷ್ಟೆಲ್ಲ ಪಾಠ ಪಕ್ಕದಲ್ಲೇ ಇದ್ದರೂ ಕೆನಡಾ 2012ರ ಅಕ್ಟೋಬರಿನಲ್ಲಿ ಅಂಥದೇ ಎರಡು ವರ್ಷದ ಷರತ್ತನ್ನು ತಂದಿತು. ಅಲ್ಲೂ ಹಿಂಸೆಗೆ ವಿನಾಯಿತಿ ಇತ್ತು, ಅಲ್ಲೂ ರುಜುವಾತಿನ ಭಾರ ಅವಳದೇ. ಮಹಿಳಾ ಸಂಘಟನೆಗಳ ಒತ್ತಾಯದ ನಂತರ 2017ರ ಏಪ್ರಿಲಿನಲ್ಲಿ ಆ ನಿಯಮ ರದ್ದಾಯಿತು.

ಅಲ್ಲಿಂದೀಚೆಗೆ ಕೆಲವು ಒಳ್ಳೆಯ ಬಾಗಿಲುಗಳು ತೆರೆದಿವೆ. 2019ರ ಜುಲೈಯಿಂದ, ಸಂಗಾತಿಯ ಮೇಲೆಯೇ ತಮ್ಮ ವಲಸೆಯ ಭವಿಷ್ಯ ನಿಂತಿರುವ ಸಂತ್ರಸ್ತರಿಗೆ ಶುಲ್ಕವಿಲ್ಲದೆ ತಾತ್ಕಾಲಿಕ ನಿವಾಸ ಪರವಾನಗಿ ಸಿಗುವ ಅವಕಾಶವಿದೆ. ಅದರ ಜೊತೆಗೆ ದುಡಿಯುವ ಅನುಮತಿಯನ್ನೂ ಪಡೆಯಬಹುದು. 2021ರ ಮಾರ್ಚಿನಿಂದ ಅಲ್ಲಿನ ವಿಚ್ಛೇದನ ಕಾಯ್ದೆ ಹೊಡೆತವನ್ನಷ್ಟೇ ಅಲ್ಲದೆ ಬೆದರಿಸಿ ಹಿಡಿತದಲ್ಲಿಡುವುದನ್ನೂ ಕೌಟುಂಬಿಕ ಹಿಂಸೆಯೆಂದು ಗುರುತಿಸುತ್ತದೆ. ಇತ್ತ ಇನ್ನೊಂದು ಬಾಗಿಲು ಕಿರಿದಾಗಿದೆ. 2024ರ ಮಾರ್ಚಿನಲ್ಲಿ, ಮತ್ತೆ 2025ರ ಜನವರಿಯಲ್ಲಿ, ವಿದ್ಯಾರ್ಥಿಗಳ ಸಂಗಾತಿಗೆ ಸಿಗುತ್ತಿದ್ದ ಓಪನ್ ವರ್ಕ್ ಪರ್ಮಿಟ್ಟನ್ನು ಮೊಟಕುಗೊಳಿಸಲಾಯಿತು. ದುಡಿಯಲು ಅನುಮತಿಯಿಲ್ಲದ ಹೆಂಡತಿ ಮನೆಖರ್ಚಿನ ಪ್ರತಿ ಡಾಲರಿಗೂ ಗಂಡನ ಮುಖ ನೋಡಬೇಕು. ಒಕ್ಕೂಟ ಸರ್ಕಾರದ ಹಣದಿಂದ ನಡೆಯುವ ವಲಸಿಗರ ನೆಲೆಗೊಳಿಸುವ ಸೇವೆಗಳು ಮುಖ್ಯವಾಗಿ ಕಾಯಂ ನಿವಾಸಿಗಳಿಗೆ ಮತ್ತು ನಿರಾಶ್ರಿತರಿಗೆ ಮೀಸಲು. ತಾತ್ಕಾಲಿಕ ಪರವಾನಗಿಯ ಮೇಲೆ ಬಂದ ಹೆಂಡತಿ, ಅಂದರೆ ಎಲ್ಲರಿಗಿಂತ ಹೆಚ್ಚು ಪರಾಧೀನಳಾದವಳು, ಸಾಮಾನ್ಯವಾಗಿ ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಬಿಟ್ಟು ಬಂದ ಮರುದಿನ

ಹೊರಗಿನವರಿಗೆ ಬಿಡುಗಡೆ ಎಂದರೆ ಒಂದು ರಾತ್ರಿಯ ಸಾಹಸ: ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುವುದು. ಕೌಟುಂಬಿಕ ಹಿಂಸೆಯ ಸಾವುಗಳನ್ನು 2003ರಿಂದ ಪರಿಶೀಲಿಸುತ್ತಿರುವ ಒಂಟಾರಿಯೊದ ಸಮಿತಿ ಬೇರೆಯೇ ಎಚ್ಚರಿಕೆ ಕೊಡುತ್ತ ಬಂದಿದೆ. ಆ ಸಾವುಗಳಲ್ಲಿ ಪದೇ ಪದೇ ಕಾಣುವ ಅಪಾಯದ ಲಕ್ಷಣಗಳಲ್ಲಿ, ದಂಪತಿ ಬೇರೆಯಾಗಿರುವುದು ಅಥವಾ ಬೇರೆಯಾಗಲು ಹೊರಟಿರುವುದು ಮುಂಚೂಣಿಯಲ್ಲಿದೆ. ಎಂದರೆ ಹೊಸ್ತಿಲು ದಾಟಿದ ಕೂಡಲೇ ಅಪಾಯ ಮುಗಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಅದೇ ಹೊತ್ತಿನಲ್ಲಿ ಅವಳ ಮುಂದೆ ಓಡಾಟದ ಪಟ್ಟಿಯೂ ಬೆಳೆಯುತ್ತದೆ. ಪಾಸ್‌ಪೋರ್ಟ್ ಗಂಡನ ಬೀರುವಿನಲ್ಲಿದೆ. ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಬೇಕು, ಫೋನಿನಲ್ಲಿ ಅವನು ಹಾಕಿಟ್ಟ ಲೊಕೇಶನ್ ತೆಗೆಯಬೇಕು, ಮಗುವಿನ ಶಾಲೆಗೆ ಯಾರು ಬಂದು ಕರೆದೊಯ್ಯಬಹುದು ಎಂದು ಬರೆದು ಕೊಡಬೇಕು, ಲೀಗಲ್ ಏಡ್‌ಗೆ ಅರ್ಜಿ ಹಾಕಬೇಕು, ಬಾಡಿಗೆಗೆ ಮನೆ ಹುಡುಕಿದರೆ ಅಲ್ಲಿ ಕ್ರೆಡಿಟ್ ಹಿಸ್ಟರಿ ಕೇಳುತ್ತಾರೆ. ಪ್ರತಿ ಕಚೇರಿಯಲ್ಲೂ ನಡೆದದ್ದನ್ನು ಮೊದಲಿಂದ ಹೇಳಬೇಕು, ಅದೂ ತನ್ನದಲ್ಲದ ಭಾಷೆಯಲ್ಲಿ. ಇಷ್ಟರ ನಡುವೆ ಎಲ್ಲೋ ಒಂದು ಕಡೆ ಕೈಸೋತು ಅವಳು ಮರಳಿ ಹೋದರೆ, ‘ಅವಳಿಗೇ ಬಿಡಲು ಇಷ್ಟವಿರಲಿಲ್ಲ’ ಎಂದು ಷರಾ ಬರೆಯುವುದು ಸುಲಭ.

ಈ ಪಟ್ಟಿಯನ್ನು ಹಂಚಿಕೊಳ್ಳುವುದೇ ಜೊತೆಗಾತಿಯ ಕೆಲಸ. ಆಕೆ ವಕೀಲಳಲ್ಲ, ಸಮಾಲೋಚಕಿಯಲ್ಲ. ಆಯಾ ಕೆಲಸಕ್ಕೆ ಸರಿಯಾದವರು ಯಾರೆಂದು ಬಲ್ಲವಳು, ಅಲ್ಲಿಯವರೆಗೆ ಕೂಡಿ ಬರುವವಳು, ಮುಂದಿನ ವಾರವೂ ಫೋನ್ ಮಾಡುವವಳು. ಇಷ್ಟು ಸರಳ ಕೆಲಸದಿಂದ ಹಿಂಸೆ ಕಡಿಮೆಯಾಗುತ್ತದೆಯೇ? ಅಮೆರಿಕದ ಮಿಶಿಗನ್ನಿನಲ್ಲಿ ಕ್ರಿಸ್ ಸಲಿವನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೇ ಒಡ್ಡಿದರು. ಶೆಲ್ಟರಿನಿಂದ ಹೊರಬಂದ 278 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಹತ್ತು ವಾರ ತರಬೇತಿ ಪಡೆದ ಒಬ್ಬೊಬ್ಬ ಸಹಾಯಕಿಯ ಜೊತೆ ಒದಗಿಸಿದರು. ಸಹಾಯಕಿಯರು ವೃತ್ತಿಪರರೇನಲ್ಲ, ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮುಂದಿನ ಎರಡು ವರ್ಷ ಮತ್ತೆ ಏಟಿಗೆ ಸಿಗದೆ ಉಳಿದವರು ಜೊತೆ ಸಿಕ್ಕವರಲ್ಲಿ ನಾಲ್ಕರಲ್ಲಿ ಒಬ್ಬರು; ಸಿಗದವರಲ್ಲಿ ಹತ್ತರಲ್ಲಿ ಒಬ್ಬರು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಏಂಜೆಲಾ ಟ್ಯಾಫ್ಟ್ ನೇತೃತ್ವದ ತಂಡ 174 ಗರ್ಭಿಣಿಯರು ಮತ್ತು ಎಳೆಮಕ್ಕಳ ತಾಯಂದಿರೊಂದಿಗೆ ನಡೆಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಜೊತೆಗಿದ್ದವರು ತಾಯಂದಿರೇ. ವಾರಕ್ಕೊಮ್ಮೆ, ಒಂದು ವರ್ಷದವರೆಗೂ ಮನೆಗೆ ಹೋಗಿ ಬಂದರು. ವಿಯೆಟ್ನಾಮಿ ಭಾಷಿಕರೂ ಅದರಲ್ಲಿ ಪಾಲ್ಗೊಂಡಿದ್ದರು. ವರ್ಷದ ಕೊನೆಗೆ ಜೊತೆ ಸಿಕ್ಕ ತಾಯಂದಿರ ಮೇಲಿನ ಹಿಂಸೆಯ ಪ್ರಮಾಣ ಇತರರಿಗಿಂತ ಕಡಿಮೆಯಿತ್ತು. ಖಿನ್ನತೆಯಂಥ ವಿಷಯಗಳಲ್ಲಿ ಮಾತ್ರ ಸಾಕ್ಷ್ಯ ಅಷ್ಟು ಗಟ್ಟಿಯಾಗಿರಲಿಲ್ಲ. ಎರಡೂ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಜೊತೆಗಾತಿ ಸಿಕ್ಕವರಲ್ಲೂ ಬಹಳ ಮಂದಿಗೆ ಹಿಂಸೆ ಪೂರ್ತಿ ನಿಂತಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಷ್ಟು ಅಗ್ಗದ, ಇಷ್ಟು ಸಾಮಾನ್ಯವಾದ ನೆರವಿಗೆ ಹೀಗೆ ಅಳೆದು ತೋರಿಸಬಹುದಾದ ಫಲ ಸಿಕ್ಕಿದ್ದು ಸಣ್ಣ ಮಾತಲ್ಲ.

ಆಕ್ಷೇಪಗಳು

ನಮ್ಮವರಿಂದಲೇ ಬರುವ ಮೊದಲ ಆಕ್ಷೇಪ ಗುಟ್ಟಿನದು. ಅನುಭವಿಸುವವರ ಬಾಯಿಂದಲೇ ಬರುವುದರಿಂದ ಅದಕ್ಕೆ ತೂಕವಿದೆ. ಬ್ರಾಂಪ್ಟನ್ ನಗರದ ಅರ್ಧಕ್ಕಿಂತ ಹೆಚ್ಚು ಜನ ದಕ್ಷಿಣ ಏಷ್ಯಾ ಮೂಲದವರು. ಅಲ್ಲಿ ಪಂಜಾಬಿ ಬಲ್ಲ ಜೊತೆಗಾತಿ ಸಿಗುವುದು ಕಷ್ಟವಲ್ಲ, ಪರಿಚಯವೇ ಇಲ್ಲದವಳನ್ನು ಆರಿಸಿಕೊಳ್ಳಲೂ ಸಾಧ್ಯ. ಕನ್ನಡಿಗರ ಪಾಡು ಬೇರೆ. ನಾವು ಅಲ್ಪಸಂಖ್ಯಾತರೊಳಗೆ ಅಲ್ಪಸಂಖ್ಯಾತರು. ಭಾಷೆ ಒಂದೇ ಆದರೆ ಊರೂ ಒಂದೇ ಆಗಿಬಿಡುತ್ತದೆ: ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತವರೇ ಜೊತೆಗಾತಿಯಾಗಿ ಬಂದರೆ ಯಾವ ಹೆಣ್ಣು ಬಾಯಿ ಬಿಟ್ಟಾಳು? ಹಾಗಾಗಿ ಒಂದೇ ಭಾಷೆಯವರನ್ನು ಕಣ್ಣುಮುಚ್ಚಿ ಜೋಡಿಸುವ ಕ್ರಮ ತಪ್ಪು. ಕನ್ನಡದವಳೇ ಬೇಕೇ, ಬೇರೆ ಊರಿನ ಕನ್ನಡದವಳೇ, ಅಥವಾ ಹಿಂದಿ, ತಮಿಳು ಬಲ್ಲ ಹೊರಗಿನವಳೇ ಎಂಬ ಆಯ್ಕೆ ಅವಳದಾಗಬೇಕು. ಗುಟ್ಟಿನ ಮಿತಿಯನ್ನೂ ಮೊದಲ ದಿನವೇ ಹೇಳಬೇಕು. ಮಗುವಿಗೆ ಅಪಾಯವಿದೆ ಎಂದು ಕಂಡರೆ ಒಂಟಾರಿಯೊದಲ್ಲಿ ಯಾರೇ ಆಗಲಿ ಮಕ್ಕಳ ರಕ್ಷಣಾ ಸಂಸ್ಥೆಗೆ ತಿಳಿಸಲೇಬೇಕು, ಜೊತೆಗಾತಿಗೂ ಅದರಿಂದ ಬಿಡುವಿಲ್ಲ. ಇದನ್ನು ಮುಚ್ಚಿಟ್ಟು ಗಳಿಸಿದ ವಿಶ್ವಾಸ ಒಂದೇ ದಿನದಲ್ಲಿ ಮುರಿದು ಬೀಳುತ್ತದೆ.

ಎರಡನೆಯದು: ಸಮುದಾಯದ ಹಿರಿಯಳು ಬಂದು ‘ಹೊಂದ್ಕೊಂಡು ಹೋಗಮ್ಮ’ ಎಂದರೆ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಸಾಗರ ದಾಟಿಯೂ ಹಳಸಿಲ್ಲ. ಈ ಭಯ ನಿಜವಾದ್ದರಿಂದಲೇ ತರಬೇತಿ ಬೇಕು. ರಾಜಿ ಪಂಚಾಯಿತಿಗೂ ಜೊತೆಗಾರಿಕೆಗೂ ಅಜಗಜಾಂತರ. ಪಂಚಾಯಿತಿ ಮನೆಯನ್ನು ಉಳಿಸಲು ಕೂರುತ್ತದೆ, ಜೊತೆಗಾತಿ ಹೆಂಗಸಿನ ಪಕ್ಕದಲ್ಲಿ ಕೂರುತ್ತಾಳೆ. ‘ಬಿಟ್ಟುಬಿಡು’ ಎಂದು ಆತುರಪಡಿಸುವುದೂ ಆಕೆಯ ಕೆಲಸವಲ್ಲ. ಬೇರೆಯಾಗುವ ಹೊತ್ತೇ ಅಪಾಯದ್ದಾದ್ದರಿಂದ ದಿನ, ಗಳಿಗೆಯನ್ನು ನಿರ್ಧರಿಸಬೇಕಾದವಳು ಆ ಮನೆಯೊಳಗೆ ಇರುವವಳೇ. ಇದರ ಬೆನ್ನಿಗೇ ಬರುವ ಮೂರನೆಯ ಆಕ್ಷೇಪ ವೃತ್ತಿಪರರದು: ಪದವಿಯಿಲ್ಲದವರ ಕೈಗೆ ಜೀವದ ಪ್ರಶ್ನೆ ಕೊಡಬಹುದೇ? ಕೊಡಬಾರದು, ಒಂಟಿಯಾಗಿ ಕೊಡಬಾರದು. ಅಪಾಯ ಅಳೆಯುವವರು, ವಲಸೆ ವಕೀಲರು, ವೈದ್ಯರು ಹಿಂದೆ ಇರಲೇಬೇಕು. ಟೊರಾಂಟೊದ ಬಾರ್ಬ್ರಾ ಶ್ಲಿಫರ್ ಕ್ಲಿನಿಕ್ 1985ರಿಂದಲೂ ಕಾನೂನು ನೆರವು, ಸಮಾಲೋಚನೆ, ಭಾಷಾಂತರ ಮೂರನ್ನೂ ಒಂದೇ ಸೂರಿನಡಿ ಕೊಡುತ್ತ ಬಂದಿದೆ. ಅಂಥ ಸೂರಿನವರೆಗೆ ತಲುಪಿಸುವ ಕೊಂಡಿ ಕಳಚಿರುವುದೇ ಇಲ್ಲಿನ ತೊಂದರೆ. ವೃತ್ತಿಪರರು ವಾರಕ್ಕೊಂದು ಗಂಟೆ ಕೊಡಬಲ್ಲರು. ಉಳಿದ ಗಂಟೆಗಳಲ್ಲಿ ಅವಳೊಂದಿಗೆ ಯಾರಿರುತ್ತಾರೆ ಎಂಬ ಪ್ರಶ್ನೆಗೆ ಅವರ ಬಳಿಯೂ ಉತ್ತರವಿಲ್ಲ.

ನಾಲ್ಕನೆಯ ಆಕ್ಷೇಪ ಸೂಕ್ಷ್ಮವಾದದ್ದು. ಬಣ್ಣದವರಿಗೆಂದೇ ಬೇರೆ ವ್ಯವಸ್ಥೆ ಮಾಡಿದರೆ ಹೊಡೆಯುವುದು ಅವರ ಸಂಸ್ಕೃತಿ ಎಂಬ ಹಣೆಪಟ್ಟಿಗೆ ಬಲ ಬರುವುದಿಲ್ಲವೇ? ಹಣೆಪಟ್ಟಿಯ ಚರಿತ್ರೆ ಅಲ್ಲಿ ಹಸಿಯಾಗಿಯೇ ಇದೆ. 2015ರಲ್ಲಿ ಕೆನಡಾ ಸಂಸತ್ತು ಒಪ್ಪಿದ ಕಾಯ್ದೆಯೊಂದರ ಹೆಸರಿನಲ್ಲೇ ‘ಅನಾಗರಿಕ ಸಾಂಸ್ಕೃತಿಕ ಆಚರಣೆಗಳು’ ಎಂಬ ಮಾತಿತ್ತು. ಅದೇ ವರ್ಷದ ಚುನಾವಣೆಯಲ್ಲಿ ಅಂಥ ಆಚರಣೆಗಳ ಬಗ್ಗೆ ದೂರು ಕೊಡಲು ಪೊಲೀಸ್ ಫೋನ್ ಲೈನಿನ ಭರವಸೆಯೂ ಕೇಳಿಬಂತು. ಹೀಗಿರುವಲ್ಲಿ ಗಂಡನ ವಿರುದ್ಧ ಬಾಯಿ ತೆರೆದರೆ ತನ್ನವರನ್ನೆಲ್ಲ ಬೀದಿಗೆಳೆದಂತೆ ಎಂದು ಹೆಂಗಸು ಅಳುಕುವುದು ಸಹಜ. ಆದರೆ ಇಡೀ ದೇಶದ ಅಂಕಿ ಶೇ 44 ಎಂಬುದನ್ನು ನೆನೆದರೆ ಸಂಸ್ಕೃತಿಯ ಮೇಲೆ ಹೊರೆ ಹೊರಿಸುವ ವಾದ ನಿಲ್ಲುವುದಿಲ್ಲ. ಪ್ರತ್ಯೇಕ ನೆರವು ಬೇಕಾಗಿರುವುದು ಹೊಡೆಯುವವರು ಬೇರೆ ಬಗೆಯವರು ಎಂಬ ಕಾರಣಕ್ಕಲ್ಲ, ಹೊರಬರುವ ದಾರಿ ಬೇರೆಯಾಗಿದೆ ಎಂಬ ಕಾರಣಕ್ಕೆ. ತನ್ನವಳೇ ಒಬ್ಬಳು ಜೊತೆಗಿದ್ದರೆ ಗಂಡನನ್ನು ದೂರಲು ತನ್ನ ಜನವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದು ಅವಳಿಗೆ ಕಣ್ಣೆದುರೇ ಕಾಣುತ್ತದೆ.

ಕೊನೆಯದು, ನನ್ನ ಮಟ್ಟಿಗೆ ಅತ್ಯಂತ ಗಟ್ಟಿಯಾದದ್ದು: ಸರ್ಕಾರ ತನ್ನ ಹೊಣೆಯನ್ನು ಬಡ ಹೆಂಗಸರ ಹೆಗಲಿಗೆ ಪುಕ್ಕಟೆ ದಾಟಿಸಲು ಇದು ಒಳ್ಳೆಯ ನೆಪವಾಗಬಹುದು. ನೊಂದು ಗೆದ್ದವಳು ಇನ್ನೊಬ್ಬಳ ನೋವನ್ನು ದಿನವೂ ಕೇಳುವಾಗ ತನ್ನ ಹಳೆಯ ಗಾಯವನ್ನೂ ಕೆದಕಿದಂತಾಗುತ್ತದೆ. ಅದಕ್ಕೆ ಬಸ್ ಚಾರ್ಜು, ಒಂದು ಪ್ರಮಾಣಪತ್ರ, ಮಹಿಳಾ ದಿನಾಚರಣೆಯಂದು ಒಂದು ಹೂಗುಚ್ಛ ಸಾಲದು. ಇದಕ್ಕೆ ಕರ್ನಾಟಕದ ಅನುಭವವೇ ಎಚ್ಚರಿಕೆ. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಶುರುವಾದಾಗ ಊರೂರು ತಿರುಗಿ ಹೆಂಗಸರ ಸಂಘ ಕಟ್ಟಿದವಳಿಗೆ ‘ಸಹಯೋಗಿನಿ’ ಎಂದು ಹೆಸರಿಟ್ಟರು. ಮೇಲಿನಿಂದ ಉಪದೇಶ ಮಾಡುವವಳಲ್ಲ, ಕೂಡಿ ನಡೆಯುವವಳು ಎಂಬ ಅರ್ಥ ಆ ಪದದಲ್ಲೇ ಇದೆ. ಕುಡಿದು ಬಂದು ಬಡಿಯುವ ಗಂಡನ ಮಾತು ಸಂಘದ ಸಭೆಗೆ ಬಂದದ್ದು ಇಂಥವರ ಮೂಲಕ. ಸರ್ಕಾರದ ಕಾರ್ಯಕ್ರಮದಲ್ಲೇ ದುಡಿಯುತ್ತಿದ್ದರೂ ಅವರಿಗೆ ಸಿಗುತ್ತಿದ್ದುದು ಸಂಬಳವಲ್ಲ, ಗೌರವಧನ. ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂತದ್ದೂ ಈ ‘ಗೌರವಧನ’ ಸಾಲದೆಂದೇ. ಕೆನಡಾದ ಜೊತೆಗಾತಿಯನ್ನೂ ಸ್ವಯಂಸೇವಕಿ ಎಂದು ಹೊಗಳಿ ಸುಮ್ಮನಾದರೆ, ಪರದೇಶದಲ್ಲಿ ಅಗ್ಗದ ದುಡಿಮೆಗೆ ಬಿದ್ದ ವಲಸಿಗ ಹೆಂಗಸರ ಸಾಲಿಗೆ ಇನ್ನೊಬ್ಬಳನ್ನು ಸೇರಿಸಿದಂತಾಗುತ್ತದೆ. ಗಂಟೆಗಿಷ್ಟು ಎಂದು ಕೂಲಿ, ಆಕೆಯ ಮನಸ್ಸಿನ ಭಾರ ಇಳಿಸಲು ಮೇಲ್ವಿಚಾರಕಿ, ಒಬ್ಬಳ ಪಾಲಿಗೆ ಎಷ್ಟು ಮಂದಿ ಎಂಬ ಮಿತಿ, ಮುಂದೆ ಕಾಯಂ ಉದ್ಯೋಗಕ್ಕೆ ದಾರಿ: ಇಷ್ಟಿಲ್ಲದೆ ಈ ಯೋಜನೆಯನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ.

ಮಗಳನ್ನು ಟೊರಾಂಟೊಕ್ಕೋ ವ್ಯಾಂಕೂವರಿಗೋ ಕೊಟ್ಟ ಕನ್ನಡದ ಮನೆಗಳಿಗೂ ಇದರಲ್ಲಿ ಪಾಲಿದೆ. ಮದುವೆಗೆ ಮೊದಲು ಹುಡುಗನ ಸಂಬಳ, ಮನೆಸಾಲ ವಿಚಾರಿಸುವವರು ಮಗಳು ಯಾವ ಬಗೆಯ ವೀಸಾದ ಮೇಲೆ ಹೋಗುತ್ತಿದ್ದಾಳೆ, ಅವಳಿಗೆ ದುಡಿಯುವ ಅನುಮತಿಯಿದೆಯೇ, ಪಾಸ್‌ಪೋರ್ಟಿನ ಪ್ರತಿ ತವರಿನಲ್ಲಿದೆಯೇ ಎಂದೂ ವಿಚಾರಿಸಬೇಕು. ಅಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಮೂಲೆಯಲ್ಲಿ ಸಹಾಯವಾಣಿಯ ನಂಬರೊಂದನ್ನು ಅಚ್ಚು ಹಾಕಿಸಿದರೆ ಯಾರ ಮಾನವೂ ಹೋಗುವುದಿಲ್ಲ. ಒಂಟಾರಿಯೊದಲ್ಲಿ ಅಂಥ ಸಹಾಯವಾಣಿಗೆ ಕರೆ ಮಾಡಿದರೆ ದುಭಾಷಿಯ ಮೂಲಕ ತನ್ನ ಭಾಷೆಯಲ್ಲಿ ಮಾತಾಡುವ ಏರ್ಪಾಡೂ ಇದೆ. ಆದರೆ ಕರೆ ಮುಗಿದ ಮೇಲೆ ಮನೆಯಲ್ಲಿ ಮತ್ತೆ ಅದೇ ಬೆದರಿಕೆ ಕಾದಿರುತ್ತದೆ. ವೀಸಾ ಕ್ಯಾನ್ಸಲ್ ಆಗುವುದು ನಿಜವೇ ಎಂದು ಅವಳು ಕೇಳಿದಾಗ, ‘ಅದು ನಾನು ಹೇಳುವ ಮಾತಲ್ಲ, ನಾಳೆ ಹತ್ತು ಗಂಟೆಗೆ ವಕೀಲರನ್ನೇ ಕೇಳೋಣ, ಬಸ್ ಸ್ಟಾಪಿನಲ್ಲಿ ಕಾದಿರ್ತೀನಿ’ ಎನ್ನುವ ಒಬ್ಬಳಿಗೆ ಸಂಬಳ ಕೊಡಲು ಸರ್ಕಾರದ ಆಯವ್ಯಯದಲ್ಲಿ ಒಂದು ಸಾಲು ಸಾಕು.